ಲಾರಿಯ ಎಡಗಡೆ

ಹಾರೋಹಳ್ಳಿಯಿಂದ ಕನಕಪುರಕ್ಕೆ ಬರುವ ದಾರಿಯಲ್ಲಿ ಒಂದು ವೇಬ್ರಿಡ್ಜ್ ಇದೆ. ಲಾರಿಗಳನ್ನು ತೂಕ ಹಾಕುವ ಜಾಗ. ಅಲ್ಲಿ ಗಾಜಿನ ಕಿಟಕಿಯ ಹಿಂದೆ ಕೂತು ಡ್ರೈವರ್‌ಗಳಿಗೆ ಚೀಟಿ ಕೊಡುವವಳು ನಾನು. ಹತ್ತು ವರ್ಷದ ಮೇಲಾಯಿತು. ಕನಕಪುರದಲ್ಲಿ ಮಹಡಿಯ ಮೇಲೆ ಎರಡು ಕೋಣೆಯ ಬಾಡಿಗೆ ಮನೆ. ಅಮ್ಮ ಹೋದ ಮೇಲೆ ಒಬ್ಬಳೇ. ಮದುವೆ ಆಗಲಿಲ್ಲ. ಯಾಕೆ ಆಗಲಿಲ್ಲ ಎಂದು ಕೇಳುವವರು ಮೊದಲು ಬೇಕಾದಷ್ಟು ಜನ ಇದ್ದರು, ಈಗ ಯಾರೂ ಕೇಳುವುದಿಲ್ಲ. ಕೇಳದೇ ಇರುವುದು ಇನ್ನೂ ಬೇಜಾರು ಎಂದು ಗೊತ್ತಿದ್ದರೆ ಆಗ ಅವರ ಮೇಲೆ ಅಷ್ಟು ಸಿಡುಕುತ್ತಿರಲಿಲ್ಲ.

ಮನೆಗೆ ಬಂದು ಮುದ್ದೆ ತಿರುವಿ, ಉಂಡು, ಪಾತ್ರೆ ತೊಳೆದರೆ ನನ್ನ ದಿನದ ಕೆಲಸ ಮುಗಿಯಿತು. ಆಮೇಲೆ ನಾನು ಲಾರಿ ಮಾಡುತ್ತೇನೆ. ನಗುವವರು ನಗಬಹುದು. ನಿಜವಾದ ಗಾಡಿಯಲ್ಲಿ ಒಂದು ಮೀಟರ್ ಇದ್ದರೆ ನನ್ನದರಲ್ಲಿ ನಾಲ್ಕು ಸೆಂಟಿಮೀಟರ್, ಒಂದು ಕೂದಲೂ ಆಚೀಚೆ ಆಗಬಾರದು. ಲಾರಿಯ ಮೈಗೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ, ಸೈಲೆನ್ಸರ್‌ಗೆ ಮುರಿದ ಛತ್ರಿಯ ಕಡ್ಡಿ, ಟಿಪ್ಪರ್ ಎತ್ತುವ ಜಾಕಿಗೆ ಖಾಲಿ ಪೆನ್ನಿನ ರೀಫಿಲ್, ಹಿಂಬಾಗಿಲ ಕೊಂಡಿಗೆ ಬ್ಲೌಸಿನ ಹುಕ್ಕು, ಕನ್ನಡಿಗೆ ಮಾತ್ರೆ ಪಟ್ಟಿಯ ಬೆಳ್ಳಿ ಕಾಗದ. ಕಪಾಟಿನ ಮೇಲೆ ಒಂದು ಜೆಸಿಬಿ, ಒಂದು ರೋಡ್ ರೋಲರ್, ಕಲ್ಲಿನ ದಿಮ್ಮಿ ಸಾಗಿಸುವ ಉದ್ದನೆಯ ಟ್ರೇಲರ್ ಸಾಲಾಗಿ ನಿಂತಿವೆ. ದೇವರ ಫೋಟೋ ಜಾಗ ಸಾಲದೆ ಅಡಿಗೆಮನೆಗೆ ಹೋಗಿದೆ.

ಲಾರಿಯ ಹತ್ತಿರ ಹೋಗಿ ಟೇಪು ಹಿಡಿಯುವ ಧೈರ್ಯ ನನಗಿಲ್ಲ. ಹೆಂಗಸು ಗಾಡಿ ಸುತ್ತ ಓಡಾಡಿದರೆ ಅಷ್ಟೂ ಡ್ರೈವರ್‌ಗಳು ಬೀಡಿ ಸೇದುವುದು ಬಿಟ್ಟು ನೋಡುತ್ತಾರೆ. ವೇಬ್ರಿಡ್ಜಿನ ಕಬ್ಬಿಣದ ಹಾಸಿನ ಮೇಲೆ ಬೆಸುಗೆ ಗೆರೆಗಳಿವೆ. ಒಂದು ಗೆರೆಯಿಂದ ಇನ್ನೊಂದಕ್ಕೆ ಎಷ್ಟು ದೂರ ಎಂದು ಒಂದು ಸಲ ಯಾರೂ ಇಲ್ಲದಾಗ ಅಳೆದುಕೊಂಡಿದ್ದೆ. ಚಕ್ರ ಯಾವ ಗೆರೆಯ ಮೇಲೆ ನಿಂತಿತು ಎಂದು ಕಿಟಕಿಯಿಂದಲೇ ನೋಡಿ ಉಳಿದದ್ದನ್ನು ಲೆಕ್ಕ ಹಾಕಿಬಿಡುತ್ತೇನೆ.

ಇವನ್ನೆಲ್ಲ ಯಾರಿಗೂ ತೋರಿಸಿರಲಿಲ್ಲ. ತೋರಿಸಿದ್ದು ಒಂದೇ ಸಲ, ಅಣ್ಣ ಅತ್ತಿಗೆ ಬಂದಾಗ. "ಅಯ್ಯೋ, ಎಷ್ಟು ಮುದ್ದಾಗಿದೆ" ಎಂದು ಅತ್ತಿಗೆ ನನ್ನ ಕ್ರೇನನ್ನು ಎತ್ತಿ ಮಗುವಿನ ಕೈಗೆ ಕೊಟ್ಟರು. ಕಾಫಿ ಕುಡಿಯುವಷ್ಟರಲ್ಲಿ ಕ್ರೇನಿನ ಕತ್ತು ಒಂದು ಕಡೆ, ಚಕ್ರ ಒಂದು ಕಡೆ. ಮಗುವಿನದೇನು ತಪ್ಪು, ಅದಕ್ಕೆ ಅದು ಆಟದ ಸಾಮಾನು. ಅತ್ತಿಗೆಗೂ ಅಷ್ಟೇ. ಒಬ್ಬರು, ಒಬ್ಬರೇ ಒಬ್ಬರು, ಇದನ್ನು ಕೈಯಲ್ಲಿ ಹಿಡಿದು ಸರಿಯಾಗಿ ನೋಡಬೇಕು ಎಂಬ ಆಸೆ ಅವತ್ತಿನಿಂದ ನನ್ನನ್ನು ಹಿಡಿದುಕೊಂಡಿತು.

ಆ ಒಬ್ಬರು ಯಾರಾಗಬೇಕೆಂದು ನನಗೆ ಬೇಗ ಗೊತ್ತಾಯಿತು. ಹಸಿರು ಕ್ಯಾಬಿನ್ನಿನ ಹಳೇ ಟಿಪ್ಪರಿನಲ್ಲಿ ಜಲ್ಲಿ ತುಂಬಿಕೊಂಡು ದಿನವೂ ಬರುವ ಡ್ರೈವರ್. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ಮಿಕ್ಕವರು ಕೈ ಚಾಚಿ ಚೀಟಿ ಕಿತ್ತುಕೊಂಡು ಹೋಗುತ್ತಿದ್ದರೆ ಇವರು, "ಊಟ ಆಯ್ತಾ ಮೇಡಂ?" ಎನ್ನುತ್ತಿದ್ದರು. "ಆಯ್ತು." "ಏನ್ ಸಾರು?" "ಹುರುಳಿಕಾಳು." "ನಮ್ದು ಹೋಟ್ಲೂಟ. ಸಾರಲ್ಲಿ ಕಾಳು ಹುಡುಕ್ಬೇಕು." ಇಷ್ಟೇ ಮಾತು. ಗಾಡಿ ಹಾಸಿನ ಮೇಲೆ ಹತ್ತಿದ ಮೇಲೆ ತೂಕದ ಅಂಕಿ ಕುಣಿಯುವುದು ನಿಲ್ಲಬೇಕು, ನಿಂತರೆ ಚೀಟಿ, ಚೀಟಿ ಬಂದರೆ ಹೊರಟರು. ಇಂಜಿನ್ ಆರಿಸಿದರೆ ಅಂಕಿ ಬೇಗ ನಿಲ್ಲುತ್ತದೆ, ಹಾಗೆಂದು ಬೋರ್ಡೂ ಹಾಕಿದ್ದೇವೆ. ಇವರು ಆರಿಸುತ್ತಿರಲಿಲ್ಲ. ಆರಿಸಿ ಎಂದು ಬೇರೆಯವರ ಮೇಲೆ ರೇಗುವ ನಾನು ಇವರಿಗೆ ಹೇಳುತ್ತಿರಲಿಲ್ಲ.

ಅವರ ಗಾಡಿಯನ್ನೇ ಮಾಡಲು ಕೂತೆ. ಒಳಕ್ಕೆ ಹೋದ ಬಂಪರಿನ ಮೂಲೆ, ಬಾಗಿಲ ಹಿಡಿಗೆ ಸುತ್ತಿದ ಸೈಕಲ್ ಟ್ಯೂಬು, ಡೀಸೆಲ್ ಟ್ಯಾಂಕಿನ ಮುಚ್ಚಳಕ್ಕೆ ಹಾಕಿದ ಸಣ್ಣ ಸರಪಳಿ, ದೃಷ್ಟಿ ಆಗದಿರಲಿ ಎಂದು ಕೆಳಗೆ ಕಟ್ಟಿದ ಹಳೇ ಚಪ್ಪಲಿ, ಯಾವುದನ್ನೂ ಬಿಡಲಿಲ್ಲ. ಚಪ್ಪಲಿ ಕಡಲೆಕಾಳಿನಷ್ಟಾಯಿತು. ಅದಕ್ಕೇ ಒಂದು ವಾರ ಹಿಡಿಯಿತು.

ಅರ್ಧ ಆಗಿರುವಾಗ ಒಂದು ದಿನ ಅವರು ಕಿಟಕಿಯಲ್ಲಿ, "ಇನ್ ಈ ತಿಂಗ್ಳು ಅಷ್ಟೇಯ ಮೇಡಂ. ಗಾಡಿ ಗುಜರಿಗೆ ಹೋಯ್ತದೆ. ನಾನು ಊರಿಗೆ ಹೋಗ್ಬುಡ್ತೀನಿ, ಎರಡು ಸೀಮೆ ಹಸ ಕಟ್ಕಂಡು ಡೈರಿಗೆ ಹಾಲು ಹಾಕ್ಕಂಡಿರದು" ಎಂದರು. ನಾನು ಚೀಟಿ ಕೊಟ್ಟೆ. ಹಿಂದಿನ ಗಾಡಿಯ ಡ್ರೈವರ್ ಇಂಜಿನ್ ಆರಿಸಿರಲಿಲ್ಲ. ಅವನಿಗೆ ಬೈದ ಬೈಗುಳ ಒಂದು ತಿಂಗಳಿಗಾಗುವಷ್ಟಿತ್ತು.

ಚಕ್ರಗಳು ಮಾತ್ರ ಬಾಕಿ ಇದ್ದವು. ಬೇರೆ ಗಾಡಿಗಳಿಗೆ ಬಾಟಲಿ ಮುಚ್ಚಳ ಹಾಕಿ ಹೇಗೋ ಸುಧಾರಿಸಿದ್ದೆ. ಇದಕ್ಕೆ ಮರದ್ದೇ ಬೇಕೆಂದು ರಜಾ ಹಾಕಿ ಚನ್ನಪಟ್ಟಣಕ್ಕೆ ಹೋದೆ. ಬೊಂಬೆ ಮಾಡುವ ಸಾಬರೊಬ್ಬರು ಲೇತಿನ ಮುಂದೆ ಕೂತಿದ್ದರು. ತಿರುಗುವ ಮರಕ್ಕೆ ಅರಗಿನ ಕಡ್ಡಿ ತಾಗಿಸಿದರೆ ಬಣ್ಣ ಕರಗಿ ಹತ್ತಿ ಫಳಫಳ ಹೊಳೆಯುತ್ತದೆ. "ಬಣ್ಣ ಬೇಡ, ಹೊಳೆಯಲೂ ಬಾರದು" ಎಂದೆ.

"ಬಣ್ಣ ಇಲ್ದೆ ಹೆಂಗಮ್ಮಾ? ಬಚ್ಚಾ ಬಾಯಿಗೆ ಹಾಕ್ಕೊಂಡ್ರೆ ಮರ ನೆನೆಯುತ್ತೆ."

"ಮಗುವಿಗಲ್ಲ, ನನಗೆ."

"ನಿಮ್ಗಾ?" ಎಂದು ಅವರು ಲೇತು ನಿಲ್ಲಿಸಿ ನನ್ನ ಮುಖ ನೋಡಿದರು. ಮಾಡಿ ಮುಗಿಸಿದ ಮೇಲೆ ನೋಡಿದರೆ ಚಕ್ರಗಳ ಅಂಚನ್ನೆಲ್ಲ ದುಂಡಗೆ ಸವರಿಬಿಟ್ಟಿದ್ದಾರೆ. ಮಕ್ಕಳಿಗೆ ಮಾಡಿ ಮಾಡಿ ಕೈ ತಾನಾಗಿ ಹಾಗೆ ಹೋಗುತ್ತದಂತೆ. ಲಾರಿ ಟೈರಿಗೆ ಅಂಚಿರಬೇಕು ಎಂದು ಹಟ ಹಿಡಿದು ಮತ್ತೆ ಮಾಡಿಸಿದೆ. "ಷೋಕೇಸ್‌ಗಾ?" ಎಂದು ಕೇಳಿದರು. "ಇಲ್ಲ, ಒಬ್ಬರಿಗೆ ತೋರಿಸಬೇಕು" ಎಂದೆ. ಅಷ್ಟು ಹೇಳಿದ್ದಕ್ಕೇ ಬಸ್ ಸ್ಟ್ಯಾಂಡಿನವರೆಗೂ ಎದೆ ಹೊಡೆದುಕೊಳ್ಳುತ್ತಿತ್ತು.

ಅವರ ಕೊನೆಯ ಟ್ರಿಪ್ಪಿನ ದಿನ ಬೇಕರಿಯ ಕೇಕ್ ಡಬ್ಬದಲ್ಲಿ ಲಾರಿ ಇಟ್ಟುಕೊಂಡು ಹೋದೆ. ಟಿಪ್ಪರ್ ಬಂತು, ಹತ್ತಿತು. ಆಗ ಹೊಳೆಯಿತು ನನ್ನ ಬುದ್ಧಿವಂತಿಕೆ: ಕಿಟಕಿಯ ಕಂಡಿಯಲ್ಲಿ ಚೀಟಿ ಬಿಟ್ಟು ಬೇರೇನೂ ತೂರುವುದಿಲ್ಲ. ಬಾಗಿಲು ತೆಗೆದು ಹೊರಗೆ ಹೋದೆ. ಅವರು ಗಾಬರಿಯಾಗಿ ಇಳಿದು ಬಂದರು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಇಷ್ಟ್ ಎತ್ರ ಇದ್ದೀರಾ ಮೇಡಂ!" ಎಂದರು. ಎತ್ತರವಾಯಿತು ಎಂದೇ ನನಗೆ ಎರಡು ಸಂಬಂಧ ತಪ್ಪಿಹೋಗಿದ್ದವು. ಇವರ ಬಾಯಲ್ಲಿ ಅದು ಬೇರೆಯ ಥರ ಕೇಳಿಸಿತು.

ಡಬ್ಬ ತೆಗೆದೆ. ಅವರು ಅಂಗೈಯನ್ನು ಅಂಗಿಗೆ ಒರೆಸಿಕೊಂಡು ಲಾರಿಯನ್ನು ಎತ್ತಿಕೊಂಡರು. ಬಂಪರಿನ ಮೂಲೆಯನ್ನು ಉಗುರಿನಿಂದ ಮುಟ್ಟಿದರು. ಬಾಗಿಲ ಹಿಡಿಯನ್ನು ನೋಡಿದರು. ಬಗ್ಗಿ ಕೆಳಗೆ ನೋಡಿ, "ಅಯ್ಯಯ್ಯೋ, ಎಕ್ಕಡನೂ ಮಾಡ್ಬುಟ್ಟವ್ರೆ" ಎಂದು ನಕ್ಕರು. ಕಣ್ಣಲ್ಲಿ ನೀರಿತ್ತು. ಹಿಂದೆ ನಿಂತ ಗಾಡಿಯವರು ಹಾರನ್ ಹೊಡೆಯುತ್ತಿದ್ದರು, ಹೊಡೆದುಕೊಳ್ಳಲಿ ಎಂದು ಬಿಟ್ಟೆ. ಜೀವನದಲ್ಲಿ ನಾನು ಅಷ್ಟು ಸಂತೋಷವಾಗಿ ನಿಂತದ್ದು ನೆನಪಿಲ್ಲ.

ಆಮೇಲೆ ಅವರು ಲಾರಿಯನ್ನು ಆ ಕಡೆ ತಿರುಗಿಸಿದರು. ಒಂದು ಕ್ಷಣ ಹುಬ್ಬು ಗಂಟಿಕ್ಕಿ, ಜೋರಾಗಿ ನಗಲು ಶುರು ಮಾಡಿದರು.

"ಎರಡೆರಡು ಡೀಸೆಲ್ ಟ್ಯಾಂಕ್ ಹಾಕಿದ್ದೀರಲ್ಲ ಮೇಡಂ! ಇಂಥ ಗಾಡಿ ಇದ್ದಿದ್ರೆ ನಾನು ಬಂಕ್ ತಾವು ನಿಲ್ಲಿಸ್ತಲೇ ಇರ್ಲಿಲ್ಲ."

ನನಗೆ ಅರ್ಥವಾಗಲಿಲ್ಲ. "ಬನ್ನಿ" ಎಂದು ಗಾಡಿಯ ಆ ಕಡೆಗೆ ಕರೆದುಕೊಂಡು ಹೋದರು. ನಮ್ಮಲ್ಲಿ ಗಾಡಿಗಳು ಹತ್ತುವುದು ಯಾವಾಗಲೂ ಒಂದೇ ಕಡೆಯಿಂದ. ಡ್ರೈವರ್ ಕೂರುವ ಬಲಗಡೆ ಮಾತ್ರ ನನ್ನ ಕಿಟಕಿಗೆ ಕಾಣುತ್ತದೆ. ಬಲಗಡೆ ಹೇಗೋ ಎಡಗಡೆಯೂ ಹಾಗೇ ಎಂದುಕೊಂಡು ಮಾಡಿಬಿಟ್ಟಿದ್ದೆ. ಎಡಗಡೆ ಟ್ಯಾಂಕ್ ಇರಲಿಲ್ಲ. ಆ ಜಾಗದಲ್ಲಿ ಬ್ಯಾಟರಿ ಪೆಟ್ಟಿಗೆ, ಅದರ ಹಿಂದೆ ಬ್ರೇಕಿನ ಗಾಳಿಯ ಸಿಲಿಂಡರ್. ಬಾಗಿಲಂತೂ ಹಸಿರೇ ಅಲ್ಲ, ನೀಲಿ. ಯಾವುದೋ ಬೇರೆ ಗಾಡಿಯದನ್ನು ತಂದು ಕೂರಿಸಿದ್ದರು. ರಸ್ತೆಯಲ್ಲಿ ದಿನಾ ನೂರಾರು ಲಾರಿ ಎದುರಾಗುತ್ತವೆ, ಒಂದರ ಎಡಗಡೆಯನ್ನಾದರೂ ನಿಂತು ನೋಡಬಾರದಾಗಿತ್ತೇ ನಾನು?

"ಕೊಡಿ ಇಲ್ಲಿ, ಸರಿ ಮಾಡಿ ಕೊಡ್ತೀನಿ" ಎಂದೆ. ಮುಖಕ್ಕೆ ಬೆಂಕಿ ಬಿದ್ದ ಹಾಗಾಗಿತ್ತು.

"ಹಿಂಗೇ ಇರ್ಲಿ ಬುಡಿ ಮೇಡಂ. ನನ್ ಗಾಡಿ, ನಾನೇ ಒಪ್ಕಂಡಿವ್ನಿ. ನಾಳೆಯಿಂದ ನಾನು ಬರದಿಲ್ಲ."

"ತಪ್ಪಿರೋದನ್ನ ನಾನು ಕೊಡಲ್ಲ."

ಅವರು ನನ್ನ ಮುಖವನ್ನೂ ಲಾರಿಯನ್ನೂ ನೋಡಿದರು. ಆಮೇಲೆ ಅದನ್ನು ಮೆಲ್ಲಗೆ ಡಬ್ಬದಲ್ಲಿಟ್ಟರು. "ಹಂಗಾರೆ ಊರಿಗೇ ತಂದ್ಕೊಡಿ. ಕೋಡಿಹಳ್ಳಿ ಬಸ್ಸಲ್ಲಿ ಬಂದು ಇಳ್ದು ಯಾರ್ನ ಕೇಳುದ್ರೂ ತೋರುಸ್ತಾರೆ ನಮ್ಮನೇನ. ಬತ್ತೀನಿ ಮೇಡಂ." ಚೀಟಿ ಕೊಟ್ಟೆ. ಹೊರಟುಹೋದರು.

ಎಡಗಡೆಯನ್ನು ಪೂರ್ತಿ ಕಿತ್ತು ಮತ್ತೆ ಮಾಡಿದೆ. ನೋಡಿದ್ದು ಒಂದೇ ಸಲವಾದರೂ ಒಂದು ನಟ್ಟೂ ಮರೆತಿರಲಿಲ್ಲ. ನೀಲಿ ಬಣ್ಣ ಮಾತ್ರ ಸರಿಹೊಂದದೆ ಮೂರು ಸಲ ಕೆರೆದು ಹಚ್ಚಿದೆ. ಮುಗಿದ ಮೇಲೆ ಬಂದ ಭಾನುವಾರ ಒಳ್ಳೆಯ ಸೀರೆ ಉಟ್ಟು, ಡಬ್ಬವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೋಡಿಹಳ್ಳಿ ಬಸ್ಸಿನಲ್ಲಿ ಕೂತೆ. ಮನೆಯಲ್ಲಿ ಯಾರು ಯಾರು ಇದ್ದಾರೋ, ಹೆಂಡತಿ ಇದ್ದಾರೋ ಇಲ್ಲವೋ ಕೇಳಿಕೊಂಡಿರಲಿಲ್ಲ. ಇದ್ದರೆ ಅವರಿಗೂ ನಮಸ್ಕಾರ ಹೇಳಿ ಕಾಫಿ ಕುಡಿದು ಬರುವುದು ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ಬಸ್ಸು ಇಳಿದು ಟೀ ಅಂಗಡಿಯಲ್ಲಿ ಕೇಳಿದೆ. "ಟಿಪ್ಪರ್ ಓಡಿಸುತ್ತಿದ್ದರಲ್ಲ, ಈಗ ಬಂದು ಹಸು ಕಟ್ಟಿದ್ದಾರೆ, ಅವರ ಮನೆ ಎಲ್ಲಿ?"

"ಇಲ್ಲಿ ಸುತ್ತ ಹಳ್ಳೀಲೆಲ್ಲ ಮನೆಗೊಬ್ಬ ಟಿಪ್ಪರ್ ಓಡುಸ್ತಾನೆ, ಮನೆ ಮನೇಲೂ ಹಸ ಅವೆ. ಹೆಸರೇಳಿ ಅಕ್ಕಾ" ಎಂದರು ಅಂಗಡಿಯವರು.

ಬಾಯಿ ತೆರೆದೆ. ಬಂದದ್ದು ಲಾರಿಯ ನಂಬರು.

ಅವರ ಹೆಸರು ನನಗೆ ಗೊತ್ತಿರಲಿಲ್ಲ. ನಮ್ಮ ಚೀಟಿಯಲ್ಲಿ ಗಾಡಿ ನಂಬರ್ ಇರುತ್ತದೆ, ಮಾಲೀಕರ ಹೆಸರಿರುತ್ತದೆ, ಡ್ರೈವರ್ ಹೆಸರಿಗೆ ಜಾಗವಿಲ್ಲ. ಅವರಿಗೆ ನಾನು ಮೇಡಂ, ನನಗೆ ಅವರು ಆ ನಂಬರು. ಇಷ್ಟು ವರ್ಷ ಅದರಿಂದ ಯಾವ ತೊಂದರೆಯೂ ಆಗಿರಲಿಲ್ಲ.

"ನೋಡಕ್ಕೆಂಗವ್ರೆ?" ಎಂದು ಬೆಂಚಿನಲ್ಲಿ ಕೂತವರೊಬ್ಬರು ಕೇಳಿದರು. ಮೀಸೆ ಇದೆ, ಕಿವಿಯ ಹತ್ತಿರ ಕೂದಲು ನರೆತಿದೆ ಎಂದೆ. ಅಲ್ಲಿದ್ದವರಲ್ಲಿ ಅರ್ಧ ಜನ ಹಾಗೇ ಇದ್ದರು. ಬೇರೆ ದಾರಿ ಕಾಣದೆ ಡಬ್ಬ ತೆಗೆದು, ಈ ಗಾಡಿ ಯಾರು ಓಡಿಸುತ್ತಿದ್ದರು ಗೊತ್ತೇ ಎಂದು ಕೇಳಿದೆ. ಜನ ಸೇರಿದರು. ಒಬ್ಬರಿಂದ ಒಬ್ಬರಿಗೆ ಲಾರಿ ಕೈ ಬದಲಾಯಿಸಿತು. ಬಗ್ಗಿ ನೋಡಿದರು, ತಿರುಗಿಸಿ ನೋಡಿದರು, "ಒಳ್ಳೆ ಕೈ ಕಣಕ್ಕಾ ನಿಮ್ದು" ಎಂದರು. ಒಬ್ಬರೂ ಮಗುವಿನ ಆಟದ ಸಾಮಾನು ಎನ್ನಲಿಲ್ಲ. ಇಷ್ಟು ವರ್ಷ ನಾನು ಕಾದದ್ದು ಇದಕ್ಕೇ ತಾನೇ? ಅಷ್ಟು ಜನರ ನಡುವೆ ನಿಂತು ನಾನು ಆ ಒಂದು ಮುಖವನ್ನೇ ಹುಡುಕುತ್ತಿದ್ದೆ. ಗಾಡಿ ಯಾರದೆಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರ ಹಳ್ಳಿ ಅಲ್ಲಿಂದ ಇನ್ನೂ ಒಳಗಿರಬೇಕು. ಅದನ್ನೂ ನಾನು ಕೇಳಿರಲಿಲ್ಲ.

ಮುಂದಿನ ಬಸ್ಸಿಗೆ ವಾಪಸ್ ಬಂದೆ.

ಆ ಗಾಡಿಯ ಮಾಲೀಕರ ಫೋನ್ ನಂಬರ್ ಆಫೀಸಿನ ಕಂಪ್ಯೂಟರಿನಲ್ಲಿ ಇದೆ. ಫೋನ್ ಮಾಡಿ ಕೇಳಿದರೆ ಹೆಸರೂ ಊರೂ ಎರಡೂ ಹೇಳುತ್ತಾರೆ, ಒಂದು ನಿಮಿಷದ ಕೆಲಸ. ಎಷ್ಟೋ ಸಲ ನಂಬರ್ ಒತ್ತಿ, ರಿಂಗ್ ಆಗುವ ಮೊದಲೇ ಕಟ್ ಮಾಡಿದ್ದೇನೆ. ಅವರು ಹೆಸರು ಹೇಳುವ ಮೊದಲು "ಯಾಕಮ್ಮಾ, ಏನಾಗಬೇಕಿತ್ತು?" ಎಂದು ಕೇಳುತ್ತಾರೆ, ಯಾರಾದರೂ ಕೇಳುವುದೇ. ಲಾರಿ ತೋರಿಸಬೇಕಿತ್ತು ಎಂದು ಹೇಳಬಹುದು. ಆದರೆ ಲಾರಿಯನ್ನು ಕೋಡಿಹಳ್ಳಿಯಲ್ಲಿ ಬೇಕಾದಷ್ಟು ಜನ ನೋಡಿಯಾಯಿತು. ನನಗೆ ಬೇಕಾಗಿರುವುದು ಅವರು. ಇದನ್ನು ಇಲ್ಲಿ ಬರೆಯಲು ಬಂತು, ಫೋನಿನಲ್ಲಿ ಹೇಳಲು ಇನ್ನೂ ಬಂದಿಲ್ಲ.