ಅಕ್ಕನಿಗೆ ತಂದ ಚೀನೀ ಗಿಂಡಿ

ನನ್ನ ಅಕ್ಕ ಹಗರಿಬೊಮ್ಮನಹಳ್ಳಿಯಲ್ಲಿ ಮೂವತ್ತು ವರ್ಷ ಜಂಪರ್ ಹೊಲಿದವಳು. ಹೊಲಿಗೆ ಮಷೀನಿನ ಬಲಗಡೆ ಯಾವಾಗಲೂ ಒಂದು ದೊಡ್ಡ ಸ್ಟೀಲ್ ಲೋಟದ ತುಂಬ ಚಹಾ ಇರುತ್ತಿತ್ತು. ಊಟ ಬಿಟ್ಟಾಳು, ಚಹಾ ಬಿಡುತ್ತಿರಲಿಲ್ಲ. ಭಾವ ತೀರಿಕೊಂಡ ಮೇಲೆ ಒಬ್ಬಳೇ ಇದ್ದಳು. ಅವಳ ಎರಡೂ ಕಿಡ್ನಿ ಕೈಕೊಟ್ಟಿವೆ ಎಂದು ಗೊತ್ತಾದಾಗ ನಾನು ಹರಪನಹಳ್ಳಿಗೆ ಕರೆತಂದೆ. ನಾನು ಇಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮದುವೆಯಾಗಲಿಲ್ಲ, ಮನೆಯಲ್ಲಿ ಜಾಗವಿತ್ತು. ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಆಟೋದಲ್ಲಿ ಹೋಗಿಬರುತ್ತಿದ್ದೆವು.

ಸೂಜಿ, ರಕ್ತ ಯಾವುದಕ್ಕೂ ಅಕ್ಕ ಅಂಜಲಿಲ್ಲ. ಅವಳನ್ನು ಕುಗ್ಗಿಸಿದ್ದು ನೀರಿನ ಕಟ್ಟು. ಬೆಳಿಗ್ಗೆಯಿಂದ ರಾತ್ರಿಯವರೆಗೆ ಒಂದು ಸಣ್ಣ ಬಾಟಲಿಯಷ್ಟು, ಅಷ್ಟೇ. ಚಹಾ, ಸಾರು, ಮಾತ್ರೆಯ ನೀರು ಎಲ್ಲವೂ ಅದರಲ್ಲೇ. ಹಾಲನ್ನೂ ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದರು. ಎರಡು ಲೋಟ ಚಹಾ ಕುಡಿದರೆ ದಿನದ ನೀರು ಹೆಚ್ಚುಕಡಿಮೆ ಮುಗಿದೇ ಹೋಗುತ್ತಿತ್ತು. ಆಮೇಲೆ ಒಣಗಿದ ತುಟಿ ಸವರಿಕೊಳ್ಳುತ್ತ ಗೋಡೆಗೆ ಮುಖಮಾಡಿ ಮಲಗುತ್ತಿದ್ದಳು.

ಒಂದು ಭಾನುವಾರ ಫೋನಿನಲ್ಲಿ ಯಾರೋ ಚೀನಾದ ಮುದುಕ ಅಂಗೈಯಷ್ಟು ಮಣ್ಣಿನ ಟೀಪಾಟಿನಿಂದ ಹಣತೆಯಂಥ ಬಟ್ಟಲಿಗೆ ಚಹಾ ಬಗ್ಗಿಸುವುದನ್ನು ನೋಡಿದೆ. ಒಂದೇ ಎಲೆಗೆ ಮತ್ತೆ ಮತ್ತೆ ಬಿಸಿನೀರು ಹಾಕಿ, ಗುಟುಕು ಗುಟುಕಾಗಿ ಕುಡಿಯುತ್ತಿದ್ದ. ಅಕ್ಕನಿಗೆ ಇದೇ ಸರಿ ಅನಿಸಿತು. ಬೆಂಗಳೂರಿನಲ್ಲಿ ಅಂಥವನ್ನು ಮಾರುವವರ ನಂಬರ್ ಹುಡುಕಿ ಫೋನ್ ಮಾಡಿದೆ.

"ಯಾವ ಚಹಾಕ್ಕೆ ಬೇಕು ಮೇಡಂ?" ಎಂದು ಅವರು ಕೇಳಿದರು.

"ಚಹಾದಾಗ ಯಾವ ಚಹಾ ಅಂದ್ರ?" ಎಂದೆ. ನನಗೆ ಗೊತ್ತಿದ್ದದ್ದು ಅಷ್ಟೇ.

ಅವರು ನಗಲಿಲ್ಲ. ಈ ಮಣ್ಣಿಗೆ ಹೊಳಪಿನ ಲೇಪ ಇರುವುದಿಲ್ಲ, ಚಹಾದ ವಾಸನೆ ಹೀರಿಕೊಳ್ಳುತ್ತದೆ, ಹಾಗಾಗಿ ಒಂದೇ ಬಗೆಯ ಚಹಾ ಮಾಡಬೇಕು, ಸೋಪು ತಾಗಿಸಬಾರದು, ತೊಳೆದ ಮೇಲೆ ಮುಚ್ಚಳ ತೆಗೆದು ಒಣಗಿಸಬೇಕು ಎಂದೆಲ್ಲ ಹೇಳಿದರು. ಮೊದಲ ಸಲ ಕೊಳ್ಳುವವರು ದೊಡ್ಡದು ಕೇಳುತ್ತಾರಂತೆ. ನಾನು ಎಲ್ಲಕ್ಕಿಂತ ಸಣ್ಣದು ಕೇಳಿದೆ. ಯಾಕೆಂದೂ ಹೇಳಿದೆ. "ಒಂದಕ್ಕೆ ನೀರು ತುಂಬಿಸಿ ಅಳೆದು ಹೇಳ್ತೀನಿ, ಇರಿ" ಎಂದರು.

ಪಾರ್ಸೆಲ್ ಬಂದ ದಿನ ಅಕ್ಕ ಹತ್ತಿ, ಪೇಪರು ಎಲ್ಲ ಬಿಡಿಸಿ ಅದನ್ನು ಕೈಯಲ್ಲಿಟ್ಟುಕೊಂಡಳು. ಇಟ್ಟಿಗೆ ಬಣ್ಣ, ಗಿಡ್ಡ ಮೂತಿ.

"ಲೇ, ಏನಿದು? ಗುಬ್ಬಿ ಮದುವಿಗೆ ಗಿಂಡಿ ತರಿಸೀಯೇನು?"

ಜೊತೆಗೆ ಬಂದಿದ್ದ ಸುರುಳಿ ಎಲೆಯನ್ನು ನಾನು ಅರ್ಧ ಗಿಂಡಿ ತುಂಬಿಸಿ ಬಿಸಿನೀರು ಹಾಕಿದೆ. ಎಲೆ ಅರಳಿ ಅರಳಿ ಮುಚ್ಚಳವನ್ನೇ ಮೇಲೆತ್ತಿತು. ಮೂತಿ ಕಟ್ಟಿಕೊಂಡು ಹನಿಯೂ ಬೀಳಲಿಲ್ಲ. ಅಕ್ಕ ಕೆಮ್ಮು ಬರುವಷ್ಟು ನಕ್ಕಳು. ನಮ್ಮ ಮನೆಗೆ ಬಂದ ಮೇಲೆ ಅವಳು ನಕ್ಕದ್ದು ಅವತ್ತೇ.

ಆಮೇಲೆ ದಿನಾ ಶಾಲೆಯಿಂದಲೋ ಆಸ್ಪತ್ರೆಯಿಂದಲೋ ಬಂದೊಡನೆ ಶೆಲ್ಫಿನಿಂದ ಗಿಂಡಿ ಇಳಿಸಿ ಚಹಾ ಮಾಡುತ್ತಿದ್ದೆ. ಅಕ್ಕ ಒಂದು ಬಟ್ಟಲನ್ನು ಹತ್ತು ಗುಟುಕು ಮಾಡುತ್ತಿದ್ದಳು. ಮುಗಿದ ಮೇಲೆ ಖಾಲಿ ಗಿಂಡಿಯನ್ನು ಎರಡೂ ಅಂಗೈ ನಡುವೆ ಹಿಡಿದು ಕೂರುತ್ತಿದ್ದಳು. ಡಯಾಲಿಸಿಸ್ ಆದ ದಿನ ಅವಳ ಕೈಗಳು ತಣ್ಣಗಿರುತ್ತಿದ್ದವು. ಐದು ತಿಂಗಳು ಹೀಗೇ ನಡೆಯಿತು.

ಒಂದು ಸಂಜೆ ಸೆಕೆ ಬಹಳ ಇತ್ತು. ಬಾಟಲಿಯ ನೀರು ಮುಗಿದಿತ್ತು. ಅಕ್ಕ ಕೇಳಿದಳು:

"ಇನ್ನೊಂದು ಬಟ್ಲ ಮಾಡು ಲೇ."

"ಇವತ್ತಿಂದು ಮುಗೀತಕ್ಕ."

"ಒಂದ ಬಟ್ಲ. ಯಾರು ಕೇಳ್ತಾರ?"

"ಎಷ್ಟ್ ಸಲ ಹೇಳ್ಬೇಕು ನಿನಗ? ಇಲ್ಲ ಅಂದ್ರ ಇಲ್ಲ!"

"ಸಾಲಿ ಹುಡುಗ್ರಿಗೆ ಬೈದಂಗ ಬೈತಿ ನೋಡು," ಎಂದು ಮಲಗಿದಳು. ನಾನು ಸಿಟ್ಟಿನಲ್ಲೇ ರೊಟ್ಟಿ ಬಡಿದೆ.

ಮರುದಿನ ಡಯಾಲಿಸಿಸ್ ನಡುವೆಯೇ ಬಿಪಿ ಇಳಿಯಿತು. ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲಿ ನನ್ನ ತೊಡೆಯ ಮೇಲೆ ಅಕ್ಕ ಹೋದಳು. ನಾನು ಬೇಡ ಅಂದದ್ದು ಸರಿಯೇ ಇತ್ತು, ಡಾಕ್ಟರೂ ಹಾಗೇ ಹೇಳಿದರು. ಸರಿ ಇದ್ದರೇನಾಯಿತು, ದನಿ ಏರಿಸದೆ ಹೇಳಬಹುದಿತ್ತು.

ತಿಂಗಳಾದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ತೆಲಿಗಿ ಊರಿನ ಹೆಂಗಸೊಬ್ಬರು ಕೈಹಿಡಿದು ನಿಲ್ಲಿಸಿದರು. ಡಯಾಲಿಸಿಸ್‌ನಲ್ಲಿ ಅಕ್ಕನ ಪಕ್ಕದ ಹಾಸಿಗೆಯವರು.

"ನಿಮ್ಮಕ್ಕಾರು ಬಂದಾಗೆಲ್ಲ ಹೇಳ್ತಿದ್ರು ನೋಡ್ರಿ, ಮನಿಗೆ ಹೋದ ಕೂಡ್ಲೆ ನಮ್ ತಂಗಿ ಚಾ ಕೊಡ್ತಾಳ, ಅದಕ್ಕ ಇದನ್ನೆಲ್ಲ ತಡ್ಕೊಳ್ತೀನಿ ಅಂತ."

ಅವರನ್ನು ಮನೆಗೆ ಕರೆದೆ. ಅಕ್ಕ ಹೋದ ಮೇಲೆ ಮುಟ್ಟದಿದ್ದ ಗಿಂಡಿಯನ್ನು ಇಳಿಸಿ, ಅಕ್ಕನಿಗೆ ಮಾಡುತ್ತಿದ್ದ ಹಾಗೆಯೇ ಮಾಡಿ ಕೊಟ್ಟೆ. ಅವರು ಒಂದು ಗುಟುಕಿಗೆ ಮುಖ ಕಿವುಚಿದರು.

"ತಪ್ಪು ತಿಳ್ಕೋಬ್ಯಾಡ್ರಿ, ಭಾಳ ಕಹಿ ಐತಿ."

ಅವರು ಹೋದ ಮೇಲೆ ಉಳಿದದ್ದನ್ನು ನಾನು ಕುಡಿದೆ. ಅಕ್ಕನ ಲೆಕ್ಕದ ನೀರೆಂದು ಆ ಐದು ತಿಂಗಳಲ್ಲಿ ಒಂದು ಹನಿಯನ್ನೂ ನಾನು ಬಾಯಿಗೆ ಹಾಕಿರಲಿಲ್ಲ. ಬೇವಿನಂಥ ಕಹಿ. ಚೆನ್ನಾಗಿ ಬಣ್ಣ ಬಿಡಲಿ ಎಂದು ನಾನು ದಿನಾ ಎಲೆಯನ್ನು ಬಹಳ ಹೊತ್ತು ನೆನೆಸುತ್ತಿದ್ದೆ. ಬೇಗ ಬಗ್ಗಿಸಬೇಕೆಂದು ಗೊತ್ತಿರಲಿಲ್ಲ. ಅಕ್ಕ ಒಂದು ದಿನವೂ ಹೇಳಲಿಲ್ಲ.

ಈಗ ಸರಿಯಾಗಿ ಮಾಡಲು ಬರುತ್ತದೆ. ಚಹಾ ತಿಳಿಯಾಗಿ, ಹೂವಿನ ವಾಸನೆಯಾಗಿ ಇಳಿಯುತ್ತದೆ. ಕೆಲವು ಸಂಜೆ ಒಂದು ಬಟ್ಟಲು ಕುಡಿಯುತ್ತೇನೆ. ಎರಡನೆಯದಕ್ಕೆ ನೀರು ಹಾಕಲು ಮನಸ್ಸಾಗುವುದಿಲ್ಲ.