ಮುಂದಿನ ಸಾಲಿನಲ್ಲಿ ಅತ್ತೆ

ನಮ್ಮತ್ತೆಯ ಹಿಂದಿನ ಸಾಲಿನಲ್ಲಿ ಕೂತು ಪೂರ್ತಿ ಸಿನಿಮಾ ನೋಡಿದವರು ಮಳವಳ್ಳಿಯಲ್ಲಿ ಯಾರೂ ಇರಲಾರರು. ಅವಳ ತುರುಬನ್ನು ನೋಡಿದವರಿದ್ದಾರೆ. ಗಂಡಸರಿಗಿಂತ ಒಂದು ಗೇಣು ಎತ್ತರದ ಹೆಂಗಸು, ಅದರ ಮೇಲೆ ತೆಂಗಿನಕಾಯಿ ಗಾತ್ರದ ತುರುಬು, ಅದರ ಸುತ್ತ ಕನಕಾಂಬರ. ಹಿಂದಿನವರು ಒಸಿ ಬಗ್ಗಿ ಕೂತ್ಕೊಳಮ್ಮ ಅಂದರೆ ಕತ್ತು ಕೂಡ ತಿರುಗಿಸದೆ, ನಾನೂ ಟಿಕೀಟು ತಕ್ಕೊಂಡೇ ಬಂದಿರೋದು ಅನ್ನುತ್ತಿದ್ದಳು. ಬಗ್ಗುವುದು ಅವಳ ಜಾಯಮಾನದಲ್ಲೇ ಇರಲಿಲ್ಲ.

ಎದುರಿಗೆ ನಾನು ಅವಳನ್ನು ‘ನೀವು’ ಅನ್ನುತ್ತಿದ್ದೆ, ಬೆನ್ನ ಹಿಂದೆ ‘ಅವಳು’ ಅನ್ನುತ್ತಿದ್ದೆ. ಈಗ ಬರೆಯುತ್ತಿರುವುದೂ ಬೆನ್ನ ಹಿಂದೆಯೇ ಆದ್ದರಿಂದ ಏಕವಚನವೇ ಇರಲಿ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಅನ್ನುವವರು ಬೇರೆ ಯಾರದಾದರೂ ಅತ್ತೆಯ ಬಗ್ಗೆ ಓದಿಕೊಳ್ಳಲಿ. ಅವಳ ಮಗನಿಂದ ನನಗೆ ಕೋರ್ಟು ಬಿಡುಗಡೆ ಕೊಟ್ಟಿತು. ಅತ್ತೆಯಿಂದ ಬಿಡುಗಡೆ ಕೊಡುವ ಕೋರ್ಟು ಎಲ್ಲೂ ಸಿಗಲಿಲ್ಲ.

ಮದುವೆಯಾಗಿ ಆ ಮನೆಗೆ ಹೋದ ಮೊದಲ ವಾರವೇ ನನ್ನ ಸಾರು ಚರಂಡಿ ಸೇರಿತು. ನಾನು ತೊಳಸಿದ ಮುದ್ದೆಯಲ್ಲಿ ಗಂಟು ಹುಡುಕಿ, ಅದನ್ನು ಬೆರಳ ತುದಿಯಲ್ಲಿ ಹಿಡಿದುಕೊಂಡು ಹೋಗಿ ಎದುರುಮನೆಯವಳಿಗೆ ತೋರಿಸಿ ಬಂದಿದ್ದಳು ಪುಣ್ಯಾತ್ಗಿತ್ತಿ. ನಾನೇನು ಬಾಯಿ ಸತ್ತವಳಲ್ಲ. ಅವಳು ಒಂದು ಅಂದರೆ ನಾನು ಎರಡು ಅಂದೆ. ಹೀಗೆ ವಾರವೆಲ್ಲ ಕಚ್ಚಾಡಿಕೊಂಡು, ಶುಕ್ರವಾರ ಸಂಜೆ ಇಬ್ಬರೂ ತಲೆ ಬಾಚಿ ಸಿನಿಮಾಕ್ಕೆ ಹೊರಡುತ್ತಿದ್ದೆವು. ಅವಳಿಗೆ ಸಿನಿಮಾ ಹುಚ್ಚು, ಜೊತೆಗೆ ಬರುವವರು ಇನ್ಯಾರೂ ಇರಲಿಲ್ಲ. ನನ್ನ ಟಿಕೀಟನ್ನೂ ತಾನೇ ತೆಗೆಸುತ್ತಿದ್ದಳು. ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬಂದ ಹುರಿದ ಕಡಲೆಕಾಯಿ ಬೀಜವನ್ನು ಮಾತ್ರ ನನಗೆ ಒಂದು ಕಾಳೂ ಕೊಡುತ್ತಿರಲಿಲ್ಲ.

ಥಿಯೇಟರಿನಲ್ಲಿ ಸುಮ್ಮನೆ ಕೂರುತ್ತಿದ್ದಳೆ? ಪರದೆಯ ಮೇಲಿನವರ ಜೊತೆ ಜಗಳ. ಹಿಂದಿನಿಂದ ಮಚ್ಚು ಹಿಡಿದು ಬರುವವನನ್ನು ಹೀರೋಗೆ ತೋರಿಸಿಕೊಡುವಳು, ಹೀರೋಯಿನ್ನಿನ ಸೀರೆ ಸರಿ ಮಾಡುವಳು, ಕೆಟ್ಟವನು ಸತ್ತರೆ ಎದ್ದು ನಿಂತು ಸೆರಗು ಕೊಡವುವಳು. ಹೊಡೆದಾಟ ಇರುವ ಸಿನಿಮಾ ಅಂದರೆ ಪ್ರಾಣ. ಸಂಸಾರದ ಕಥೆ ಅಂದರೆ ಮುಖ ಸಿಂಡರಿಸುವಳು. ಅಳೋ ಪಿಚ್ಚರ್ರು ಮನೇಲೇ ಓಡ್ತಾ ಅದೆ, ಅದ ನೋಡಕ್ಕೆ ಟಿಕೀಟು ಯಾಕವ್ವ ಅನ್ನುತ್ತಿದ್ದಳು.

ಮನೆಯಲ್ಲಿ ಓಡುತ್ತಿದ್ದದ್ದು ಏನೆಂದರೆ, ಅವಳ ಮಗ ನನ್ನನ್ನು ಹೊಡೆಯುತ್ತಿದ್ದ. ಕುಡಿದು ಹೊಡೆದಿದ್ದರೆ ಹೆಂಡದ ಮೇಲೆ ಹಾಕಬಹುದಿತ್ತು, ಅವನು ಕುಡಿಯುತ್ತಲೇ ಇರಲಿಲ್ಲ. ಅವನು ಕೈ ಎತ್ತಿದ ಕೂಡಲೇ ಅತ್ತೆ ರಿಮೋಟು ತೆಗೆದುಕೊಂಡು ಟಿವಿ ಸೌಂಡು ಜಾಸ್ತಿ ಮಾಡುತ್ತಿದ್ದಳು. ಬೀದಿಗೆ ಕೇಳಬಾರದಲ್ಲ! ಬಿದ್ದ ಏಟಿಗಿಂತ ಆ ಸೌಂಡು ನನಗೆ ಹೆಚ್ಚು ಉರಿಯುತ್ತಿತ್ತು. ಇವತ್ತಿಗೂ ಅದನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ.

ಒಂದು ದಿನ ಸಾಕಾಯಿತು. ನಸುಕಿನಲ್ಲಿ ಬ್ಯಾಗು ಹಿಡಿದು ಯಾರಿಗೂ ಹೇಳದೆ ಹೊರಟುಬಿಟ್ಟೆ. ನಾನು ಹೋದದ್ದೇ ತಡ, ಸೊಸೆಗೆ ಇನ್ಯಾರೋ ಇದ್ದಾನೆ ಎಂದು ಹಲಗೂರಿನಿಂದ ಮದ್ದೂರಿನವರೆಗೆ ಸಾರಿದಳು. ಆಗ ನನಗೆ ಯಾರೂ ಇರಲಿಲ್ಲ. ಅದೇ ಮಳವಳ್ಳಿಯ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಹಿಡಿದು, ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಅನ್ನ ಮಾಡಿಕೊಂಡು ಉಣ್ಣುತ್ತಿದ್ದೆ.

ಕೋರ್ಟು ಮುಗಿದ ಮುಂದಿನ ತಿಂಗಳು ಆ ತುರುಬು ಲ್ಯಾಬಿನ ಬಾಗಿಲಲ್ಲಿ ಬಗ್ಗದೆ ಒಳಗೆ ಬಂತು. ಅವಳಿಗೆ ಶುಗರ್ ಇತ್ತು, ಕೈಯಲ್ಲಿ ನರ ಸಿಗುವುದು ಕಷ್ಟ. ಮದುವೆಗೆ ಮೊದಲೇ ಈ ಕೆಲಸ ಕಲಿತಿದ್ದ ನಾನು ಮನೆಯಲ್ಲಿದ್ದಾಗಲೂ ಅವಳ ರಕ್ತ ತೆಗೆಯುತ್ತಿದ್ದೆ. ಊರಿನಲ್ಲಿ ಬೇರೆ ಲ್ಯಾಬುಗಳಿದ್ದವು, ಅಲ್ಲಿಗೆ ಹೋಗಬಹುದಿತ್ತು. ಕುರ್ಚಿಯಲ್ಲಿ ಕೂತು, ಕೈ ಚಾಚಿ, ಗೋಡೆ ನೋಡುತ್ತಾ ಅಂದಳು:

“ನಿನ್ನ ಗುಣ ಕೆಟ್ಟದು, ಕೈ ಒಳ್ಳೇದು. ಚುಚ್ಚು.”

ಅಲ್ಲಿಂದ ಪ್ರತಿ ತಿಂಗಳೂ ಇದೇ. ಬರುವಳು, ಕೂರುವಳು, ನನ್ನ ಚೂಡಿದಾರಕ್ಕೆ ಒಂದು, ಬೋಳು ಹಣೆಗೆ ಒಂದು ಮಾತು ಚುಚ್ಚಿ ತಾನೂ ಚುಚ್ಚಿಸಿಕೊಂಡು ಹೋಗುವಳು.

ಅದೇ ಲ್ಯಾಬಿನಲ್ಲಿ ನನಗೆ ಇವರ ಪರಿಚಯವಾದದ್ದು. ಕಿರುಗಾವಲು ಕಡೆಯವರು, ಪಶು ಆಸ್ಪತ್ರೆಯಲ್ಲಿ ಕೆಲಸ. ಇವರಿಗೂ ಮೊದಲ ಮದುವೆ ಮುರಿದಿತ್ತು. ಜ್ವರ ಅಂತ ಬಂದರು, ರಿಪೋರ್ಟು ಒಯ್ಯಲು ಬಂದರು, ಆಮೇಲೆ ರಿಪೋರ್ಟು ಇಲ್ಲದೆಯೂ ಬಂದರು. ಹೀಗೆ ಓಡಾಡುವುದಕ್ಕೆ ಪಟ್ಟಣದವರು ಡೇಟಿಂಗ್ ಅನ್ನುತ್ತಾರಂತೆ. ನಮ್ಮದು ಹೇಗಿತ್ತೆಂದರೆ, ಮದ್ದೂರಿನಲ್ಲಿ ಬೇರೆ ಬೇರೆ ಬಸ್ಸಿನಿಂದ ಇಳಿದು, ಒಂದೇ ಹೋಟೆಲಿನ ಬೇರೆ ಬೇರೆ ಟೇಬಲ್ಲಿನಲ್ಲಿ ಕೂತು, ದೂರದಿಂದಲೇ ನೋಡಿಕೊಂಡು ಕಾಫಿ ಕುಡಿದು ವಾಪಸ್ಸು ಬರುವುದು. ಮೂವತ್ತೈದು ದಾಟಿದವರು ಕಾಲೇಜು ಹುಡುಗರಿಗಿಂತ ಹೆಚ್ಚು ಹೆದರುತ್ತಿದ್ದೆವು.

ಆಗ ಮಂಡ್ಯದಲ್ಲಿ ಒಂದು ತಮಾಷೆಯ ಸಿನಿಮಾ ಓಡುತ್ತಿತ್ತು. ಗಂಡನಿಂದ ಬೇರೆಯಾದ ಹೆಣ್ಣು ಮತ್ತೆ ಗಂಡಸರ ಜೊತೆ ಓಡಾಡಲು ಹೊರಟು ಪೇಚಿಗೆ ಸಿಕ್ಕಿಕೊಳ್ಳುವ ಕಥೆ. ಮಂಡ್ಯದಲ್ಲಿ ನಮ್ಮನ್ನು ಯಾರು ನೋಡುತ್ತಾರೆ ಅಂದರು ಇವರು. ಮೊದಲ ಸಲ ಅಕ್ಕಪಕ್ಕ ಕೂತೆವು. ಥಿಯೇಟರು ಅರ್ಧ ಖಾಲಿ. ಲೈಟು ಆರುವ ಹೊತ್ತಿಗೆ, ಯಾವುದೋ ಮದುವೆಗೆ ಬಂದವರಂತಿದ್ದ ನಾಲ್ಕೈದು ಹೆಂಗಸರು ಒಳಗೆ ಬಂದರು. ಅವರಲ್ಲಿ ಒಬ್ಬಳು ನಿಂತು ನನ್ನನ್ನು ನೋಡಿದಳು, ಇವರನ್ನು ನೋಡಿದಳು, ಅಷ್ಟೊಂದು ಖಾಲಿ ಸೀಟು ಬಿಟ್ಟು ಸರಿಯಾಗಿ ನನ್ನ ಮುಂದೆಯೇ ಬಂದು ಕೂತಳು. ಪರದೆಯ ಮಧ್ಯಕ್ಕೆ ತುರುಬು ಬಂತು.

ಹೀರೋಯಿನ್ನು ಯಾವನೋ ಒಬ್ಬನ ಜೊತೆ ಹೋಟೆಲಿನಲ್ಲಿ ಕೂತಳು. ಅತ್ತೆ ಶುರು ಮಾಡಿದಳು. ಮೊದಲನೇವ್ನ ಮನೇಲಿ ಒಂದು ಲೋಟ ಕಾಪಿ ನೆಟ್ಟಗೆ ಕಾಯ್ಸಿದ್ಲಾ ಕೇಳ್ರವ್ವ, ಈಗ ಎರಡನೇವ್ನ ಜೊತೆ ಕುಡಿಯಕ್ಕೆ ಬಂದವ್ಳೆ ಅಂದಳು. ಸುತ್ತಲಿನವರು ನಕ್ಕರು. ಆಮೇಲೆ ಅವಳು ಏನು ಅಂದರೂ ನಗು. ಜನಕ್ಕೆ ಸಿನಿಮಾಕ್ಕಿಂತ ಅವಳೇ ಮಜವಾಗಿದ್ದಳು. ಪರದೆಯ ಮೇಲಿನ ಗಂಡಸು ಹೂ ಹಿಡಿದು ಬಂದಾಗ ಅಂದದ್ದು ಮಾತ್ರ ನನ್ನ ಕಿವಿಯಲ್ಲಿ ಈಗಲೂ ಇದೆ:

“ಇನ್ನೊಬ್ರು ಉಂಡೆದ್ದ ಎಲೆ ಮುಂದೆ ಕೂತವ್ನಲ್ಲ, ಇವ್ನಿಗೆ ಮಾನ ಇಲ್ವಾ?”

ಪಕ್ಕದಲ್ಲಿ ಇವರು ಕುರ್ಚಿಯ ಕೈ ಬಿಗಿಯಾಗಿ ಹಿಡಿದುಕೊಂಡರು. ಇಂಟರ್ವಲ್ಲಿನ ಲೈಟು ಹತ್ತಿದ ಕೂಡಲೇ ನಾನು ಅವಳ ಮುಂದೆ ಹೋಗಿ ನಿಂತೆ.

“ನಿಮ್ಮ ಮಗ ಹೊಡೆಯುವಾಗ ಇಷ್ಟು ಬಾಯಿ ಬಂದಿದ್ದರೆ, ನಾನು ಈ ಸಿನಿಮಾಕ್ಕೆ ಬರಬೇಕಾಗಿರಲಿಲ್ಲ ಅತ್ತೆ.”

ಅತ್ತೆ ಒಂದು ಕಡಲೆಬೀಜ ಬಾಯಿಗೆ ಹಾಕಿಕೊಂಡು ಅಗಿಯುತ್ತಾ ಕೂತಳು. ನಾವು ಎದ್ದು ಬಂದೆವು.

ಅಲ್ಲಿದ್ದವರು ಸುಮ್ಮನಿರುತ್ತಾರೆಯೇ? ಸುದ್ದಿ ವಾಟ್ಸಾಪು ಹತ್ತಿ ನಮಗಿಂತ ಮೊದಲೇ ಕಿರುಗಾವಲು ತಲುಪಿತ್ತು. ಇವರ ತಾಯಿ ಒಳ್ಳೆಯ ಹೆಂಗಸು, ಆದರೆ ಒಮ್ಮೆ ಕೈ ಸುಟ್ಟುಕೊಂಡವರು. ಕೋರ್ಟಿನ ಕಾಗದ ನನಗೆ ಬೇಡ, ಆ ಮನೆಯವರು ಯಾರಾದರೂ ಬಂದು ಇವಳನ್ನು ಯಾಕೆ ಬಿಟ್ಟರು ಅಂತ ನನ್ನ ಮುಂದೆ ಹೇಳಲಿ, ಇಲ್ಲದಿದ್ದರೆ ಈ ಸಂಬಂಧ ಬೇಡ ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟರು. ರಿಜಿಸ್ಟರ್ ಮಾಡಿಸಿಕೊಂಡು ಬಂದುಬಿಡೋಣ ಅಂದರು ಇವರು. ನಾನು ಒಪ್ಪಲಿಲ್ಲ. ಒಂದು ಮನೆಯಿಂದ ಕಳ್ಳಿಯ ಹಾಗೆ ಹೊರಟು ಬಂದಿದ್ದೆ, ಇನ್ನೊಂದು ಮನೆಗೂ ಕಳ್ಳಿಯ ಹಾಗೆ ಹೋಗಲು ನನ್ನಿಂದ ಆಗುತ್ತಿರಲಿಲ್ಲ. ಆದರೆ ಇವರನ್ನು ಬಿಟ್ಟುಕೊಡಲೂ ಮನಸ್ಸಿರಲಿಲ್ಲ. ಹಂಚಿಕೊಂಡು ಉಣ್ಣುವುದಕ್ಕೆ ಒಬ್ಬರು ಬೇಕಿತ್ತು ನನಗೆ, ಅಷ್ಟೆ.

ಮುಂದಿನ ತಿಂಗಳು ಅತ್ತೆ ರಕ್ತ ಕೊಡಲು ಬಂದಳು. ಬರುವುದಿಲ್ಲ ಅಂದುಕೊಂಡಿದ್ದೆ. ತೋಳಿಗೆ ರಬ್ಬರ್ ಪಟ್ಟಿ ಕಟ್ಟಿ, ಸೂಜಿ ಚುಚ್ಚುವ ಮೊದಲೇ ಎಲ್ಲವನ್ನೂ ಹೇಳಿದೆ. ಈ ಭಾನುವಾರ ನಾನೂ ಅಲ್ಲಿರುತ್ತೇನೆ, ಒಂದು ಸಲ ಕಿರುಗಾವಲಿಗೆ ಬಂದು ಆದದ್ದನ್ನು ಹೇಳಿ ಎಂದು ಕೇಳಿದೆ. ಕೇಳಕ್ಕೆ ನಾಚ್ಕೆ ಆಗಕಿಲ್ವಾ ಅಂದಳು. ಆಗುತ್ತೆ ಅಂದೆ. ರಕ್ತ ತೆಗೆದು ಮುಗಿಸಿದೆ. ಹತ್ತಿ ಒತ್ತಿಕೊಂಡು ಎದ್ದವಳು ಬಾಗಿಲ ಹತ್ತಿರ ನಿಂತು, ಆ ಪಿಚ್ಚರ್ ಹುಡ್ಗಿ ಕೊನೆಗೆ ಹೂವಿನವ್ನನ್ನೇ ಕಟ್ಕೊಂಡ್ಲು, ನೀನು ಅರ್ಧಕ್ಕೇ ಎದ್ದೋದೆ ಅಂದು ಹೊರಟುಹೋದಳು. ಬರುತ್ತೇನೆ ಅಂದಳೋ ಇಲ್ಲವೋ ನನಗೆ ತಿಳಿಯಲಿಲ್ಲ.

ಭಾನುವಾರ ಬಂದಳು. ಕಿರುಗಾವಲಿನಲ್ಲಿ ಬಸ್ಸಿಳಿದು, ಮನೆ ವಿಚಾರಿಸಿಕೊಂಡು, ಒಬ್ಬಳೇ. ಇವರ ತಾಯಿ ಚಾಪೆ ಹಾಸಿ ಕಾಫಿ ಕೊಟ್ಟರು, ಲೋಟ ಮುಟ್ಟಲಿಲ್ಲ. ನಾನೂ ಇವರೂ ಗೋಡೆಗೆ ಒರಗಿ ನಿಂತಿದ್ದೆವು. ಅತ್ತೆ ನನ್ನ ಜನ್ಮ ಜಾಲಾಡಲು ತೊಡಗಿದಳು. ಇವಳಿಗೆ ಮುದ್ದೆ ತೊಳಸಲು ಬರುವುದಿಲ್ಲ, ಬಟ್ಟೆ ನೆನೆಹಾಕಿ ಮರೆಯುತ್ತಾಳೆ, ಬಾಯಿ ಬಚ್ಚಲು, ಹಿರಿಯರು ಕಿರಿಯರು ಅನ್ನುವುದಿಲ್ಲ. ಒಂದನ್ನೂ ಬಿಡಲಿಲ್ಲ. ಇವರ ತಾಯಿಯ ಮುಖ ಸಣ್ಣದಾಗುತ್ತಾ ಬಂತು. ಮುಗಿಯಿತು ನನ್ನ ಕಥೆ ಅಂದುಕೊಂಡೆ. ಕೊನೆಗೆ ಅವರು, ಹಾಗಾದರೆ ಇದಕ್ಕೇ ಇವಳನ್ನು ಬಿಟ್ಟಿರಾ ಎಂದು ಕೇಳಿದರು.

“ನಾವು ಬುಟ್ಟಿಲ್ಲ, ಇವ್ಳೇ ನಮ್ಮುನ್ನ ಬುಟ್ಟಿದ್ದು,” ಅಂದಳು ಅತ್ತೆ. “ನನ್ನ ಮಗ ವಡೀತಿದ್ದ. ಒಂದಿನ ಇವ್ಳು ಅವ್ನ ಕೈ ಇಡ್ಕೊಂಡ್ಲು. ಅವ್ನು ಎಷ್ಟು ಕೊಸರಾಡುದ್ರೂ ಬುಡ್ಲಿಲ್ಲ. ನಾನು ನಿಂತು ನೋಡ್ತಿದ್ದೆ. ನಮ್ಮನೇಲಿ ಅಂಗೆ ಯಾರೂ ಕೈ ಇಡಿದಿರ್ಲಿಲ್ಲ. ನಾನೂ ಇಡಿದಿರ್ಲಿಲ್ಲ. ಅವತ್ತಿಂದ ಇವ್ಳ ಕಂಡ್ರೆ ನಂಗಾಗಕಿಲ್ಲ.”

ಆಮೇಲೆ ಅತ್ತೆ, ಊರಲ್ಲಿ ನಾನು ಸಾರಿದ್ದೆಲ್ಲ ಸುಳ್ಳು ಎಂದು ಚಾಪೆ ನೋಡಿಕೊಂಡೇ ಹೇಳಿದಳು. ಇವರ ತಾಯಿ ನನ್ನನ್ನು ಒಮ್ಮೆ ನೋಡಿ, ಆರಿಹೋಗಿದ್ದ ಕಾಫಿ ಲೋಟ ಎತ್ತಿಕೊಂಡರು.

“ಮುದ್ದೆ ನಾನೇ ತೊಳಸ್ಕೋತೀನಿ ಬುಡಿ,” ಅಂದರು.

ಬಸ್ಸಿನ ತನಕ ಹಿಂದೆ ಹೋದೆ. ಬಾಯಿ ತೆರೆದೆ. ಹಲ್ಲು ಕಿರೀಬೇಡ, ನಿನಗೋಸ್ಕರ ಬಂದಿದ್ದಲ್ಲ ಎಂದು ಬಸ್ಸು ಹತ್ತಿ, ಕಿಟಕಿಯ ಆ ಕಡೆಗೆ ಮುಖ ಮಾಡಿ ಕೂತಳು.

ನಮ್ಮ ಮದುವೆಯಾಯಿತು. ಅವಳನ್ನು ಕರೆದೆ, ಬರಲಿಲ್ಲ. ಆದರೆ ತಿಂಗಳು ತಿಂಗಳು ಲ್ಯಾಬಿಗೆ ಬರುವುದು ತಪ್ಪಲಿಲ್ಲ. ಅದೇ ಕುರ್ಚಿ, ಅದೇ ಬೈಗುಳ. ದಪ್ಪಗಾಗಿದ್ದೀಯ ಅನ್ನುವುದೊಂದು ಹೊಸದಾಗಿ ಸೇರಿತ್ತು. ಒಂದು ಸಲ ತೋಳು ಕಡ್ಡಿಯಂತಾಗಿದ್ದನ್ನು ನೋಡಿ, ಸರಿಯಾಗಿ ಉಣ್ಣುತ್ತೀರಾ, ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರಾ ಎಂದು ಕೇಳಿದೆ.

“ನಮ್ಮನೆ ವಿಷ್ಯ ನಿನಗ್ಯಾಕೆ? ಚುಚ್ಚು.”

ಮತ್ತೆ ನಾನು ಕೇಳಲಿಲ್ಲ. ನನಗೇನು ಗರಜು?

ಹೋದ ವರ್ಷ ಎರಡು ತಿಂಗಳು ಬರಲಿಲ್ಲ. ಮೂರನೆಯ ತಿಂಗಳು, ಹಲಗೂರಿಗೆ ಮದುವೆಯಾಗಿ ಹೋಗಿದ್ದ ಅವಳ ಮಗಳು ಬಂದಳು. ಅವ್ವ ಹೋದ್ಲು ಅಂದಳು. ತಿಥಿಯೂ ಮುಗಿದಿತ್ತು. ನನಗೆ ತಿಳಿಸಬಾರದೆಂದು ಅಣ್ಣ ಹೇಳಿದ್ದನಂತೆ. ಅತ್ತೆ ಕಿರುಗಾವಲಿಗೆ ಹೋಗಿ ಬಂದ ದಿನವೇ ಅವನು ತಾಯಿಯ ಟ್ರಂಕನ್ನು ಬೀದಿಗೆ ಹಾಕಿದ್ದನಂತೆ, ಮಗನ ಮಾನ ಹರಾಜು ಹಾಕಿದವಳು ನನ್ನ ಹೊಸ್ತಿಲು ತುಳಿಯಬೇಡ ಎಂದು. ಅವತ್ತಿನಿಂದ ಸಾಯುವವರೆಗೂ ಮಗಳ ಮನೆಯಲ್ಲೇ ಇದ್ದಳು. ಮಗ ಒಂದು ದಿನವೂ ಬಂದು ನೋಡಲಿಲ್ಲ. ಹಲಗೂರಿನಲ್ಲೇ ರಕ್ತ ತೆಗೆಯುತ್ತಾರೆ, ಬಸ್ಸಿನಲ್ಲಿ ಯಾಕೆ ಒದ್ದಾಡಿಕೊಂಡು ಹೋಗುತ್ತೀಯ ಅಂದರೆ ಮಗಳ ಮೇಲೇ ರೇಗುತ್ತಿದ್ದಳಂತೆ.

ಅಷ್ಟು ತಿಂಗಳು ನನ್ನೆದುರು ಕೈ ಚಾಚಿ ಕೂತಿದ್ದಾಳೆ, ಇದರಲ್ಲಿ ಒಂದಕ್ಷರ ಬಾಯಿ ಬಿಟ್ಟಿಲ್ಲ. ಮಗಳು ಹೋದ ಮೇಲೆ ಲ್ಯಾಬಿನ ಬಾಗಿಲು ಹಾಕಿಕೊಂಡು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ದುಃಖಕ್ಕಿಂತ ಸಿಟ್ಟೇ ಹೆಚ್ಚಿತ್ತು. ಥೂ, ಹಟಮಾರಿ ಮುದುಕಿ. ಒಂದು ಮಾತು ಹೇಳಿದ್ದರೆ ಹೋಗಿ ಕರೆದುಕೊಂಡು ಬಂದು ನಮ್ಮ ಮನೆಯಲ್ಲೇ ಇಟ್ಟುಕೊಳ್ಳುತ್ತಿದ್ದೆ. ಕರೆದಿದ್ದರೂ ಬರುತ್ತಿರಲಿಲ್ಲ, ಅದೂ ನನಗೆ ಗೊತ್ತು.