ಮೇಷ್ಟ್ರ ನೇರಳೆ ವೈದ್ಯ

ನಮ್ಮ ಯಜಮಾನರು ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಪರೀಕ್ಷಿಸದೆ ಏನನ್ನೂ ನಂಬಬೇಡಿ ಎಂದು ಮಕ್ಕಳಿಗೆ ವರ್ಷವರ್ಷವೂ ಬೋರ್ಡಿನ ಮೇಲೆ ಬರೆಯುತ್ತಾ ಬಂದವರು. ಮೊಬೈಲಿನಲ್ಲಿ ಬಿಳಿ ಕೋಟು ಹಾಕಿಕೊಂಡವರು ಹೇಳಿದ್ದನ್ನು ಮಾತ್ರ ತಕ್ಷಣ ನಂಬುತ್ತಾರೆ. ಕೋಟು ಇಸ್ತ್ರಿಯಾಗಿದ್ದರೆ ಇನ್ನೂ ಬೇಗ.

ಮೊದಲು ಬ್ಲೂಬೆರಿ ಬಂತು. ಪೇಪರ್ ತಿದ್ದಲು ಚಿತ್ರದುರ್ಗಕ್ಕೆ ಹೋದವರು ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ ತಂದರು. ಬೆಳಿಗ್ಗೆ ತೀರ್ಥ ತೆಗೆದುಕೊಳ್ಳುವ ಹಾಗೆ ನಾಲ್ಕೇ ನಾಲ್ಕು ಹಣ್ಣು ಬಾಯಿಗೆ ಹಾಕಿ ಕಣ್ಣು ಮುಚ್ಚುತ್ತಿದ್ದರು. ನನಗೂ ಒಂದು ಕೊಟ್ಟರು. ನೀರಲ್ಲಿ ನೆನೆದ ಒಣದ್ರಾಕ್ಷಿಯ ರುಚಿ. ಹಾಗೆಂದಿದ್ದಕ್ಕೆ, "ರುಚಿಗಲ್ಲ ಕಣೇ, ಬಣ್ಣಕ್ಕೆ. ಆ ನೀಲಿ ಬಣ್ಣದಾಗೆ ಆಂಥೋಸಯನಿನ್ ಐತೆ" ಎಂದರು.

ಡಬ್ಬಿ ಖಾಲಿಯಾಯಿತು. ಅದೇ ಬಣ್ಣ ನಮ್ಮ ನೇರಳೆಯಲ್ಲೂ ಇದೆ, ಬೀಜದಲ್ಲಂತೂ ಇನ್ನೂ ಏನೇನೋ ಇದೆ ಎಂಬ ಮತ್ತೊಂದು ವಿಡಿಯೋ ಸಿಕ್ಕಿತು. ಮಳೆಗಾಲದ ಶುರುವಿಗೆ ತಾಳ್ಯದ ಕಡೆಯಿಂದ ಹಣ್ಣು ಬುಟ್ಟಿಗಟ್ಟಲೆ ಬರುತ್ತದೆ. ತಿನ್ನುವುದಕ್ಕೆ ನನ್ನ ತಕರಾರಿರಲಿಲ್ಲ. ಸಂಜೆಯ ಬೋಂಡಾಕ್ಕಿಂತ ಉಪ್ಪು ಸವರಿದ ನೇರಳೆ ಎಷ್ಟೋ ವಾಸಿ. ಆದರೆ ಸೋಮವಾರ ಔಷಧಿ ಡಬ್ಬಿ ಒರೆಸುವಾಗ ನೋಡುತ್ತೇನೆ, ಅವರ ಸಕ್ಕರೆ ಕಾಯಿಲೆಯ ಗುಳಿಗೆ ಎರಡು ವಾರದಿಂದ ಒಂದೂ ಕಮ್ಮಿಯಾಗಿಲ್ಲ.

"ಏನ್ರಿ, ಗುಳಿಗೆ ಬಿಟ್ಟೀರಾ?"

"ನೇರಳೆ ಬೀಜದ ಪುಡಿ ಸಾಕು. ಗುಳಿಗೆ ಎಲ್ಲ ಕಂಪನಿಯವ್ರ ಆಟ."

"ಡಾಕ್ಟ್ರನ್ನ ಕೇಳಿದ್ರಾ?"

"ಅವ್ರನ್ನೇನ್ ಕೇಳೋದು? ನಾನೂ ವಿಜ್ಞಾನ ಓದೀನಿ."

ಬೀಜ ತೊಳೆಯುವುದು, ಮಾಳಿಗೆಯ ಮೇಲೆ ಒಣಗಿಸುವುದು, ಕುಟ್ಟಿ ಜರಡಿ ಹಿಡಿಯುವುದು ನನ್ನ ಪಾಲು. ವಿಜ್ಞಾನ ಮಾತ್ರ ಅವರದು. ವಾರವಿಡೀ ಜಗಳವಾಡಿ ಸಾಕಾಯಿತು. ಔಷಧಿ ಅಂಗಡಿಗೆ ಹೋಗಿ ಈ ಗುಳಿಗೆ ಅರೆದು ಕೊಡಬಹುದೇ ಎಂದು ಕೇಳಿದೆ. ಕೊಡಬಹುದು ಎಂದರು. ಮರುದಿನದಿಂದ ಬೆಳಗಿನ ಮಜ್ಜಿಗೆಗೆ ಒಂದು ಚಮಚ ಬೀಜದ ಪುಡಿ, ಅದರ ಜೊತೆ ಗುಳಿಗೆ ಅರೆದದ್ದು.

"ಇವತ್ತು ಕಹಿ ಜಾಸ್ತಿ ಐತಲ್ಲೇ?"

"ಕಹಿ ಇದ್ದಷ್ಟೂ ಗುಣ ಅಂತ ನೀವೇ ಅಂದಿದ್ರಲ್ಲ."

ತಿಂಗಳ ಮೇಲೆ ರಕ್ತ ಪರೀಕ್ಷೆಯಾಯಿತು. ಸಕ್ಕರೆ ಹದಕ್ಕೆ ಬಂದಿತ್ತು. ಲ್ಯಾಬಿನ ಚೀಟಿ ಜೇಬಿನಲ್ಲಿಟ್ಟುಕೊಂಡು ಸ್ಟಾಫ್ ರೂಮು, ಕಟಿಂಗ್ ಶಾಪು, ಎಲ್ಲೆಂದರಲ್ಲಿ ಉಪನ್ಯಾಸ. ಬಂದವರಿಗೆಲ್ಲ ಬೀಜದ ಪುಡಿಯ ಪೊಟ್ಟಣ. ನಾನು ಒಳಗೊಳಗೇ ನಗುತ್ತಿದ್ದೆ. ಪೊಟ್ಟಣ ಯಾರ ಕೈಗೆ ಹೋಗುತ್ತಿದೆ ಎಂದು ಕೇಳಲಿಲ್ಲ.

ನಮಗೆ ಹಾಲು ಹಾಕುವ ಅಕ್ಕ ತುರುವನೂರಿನ ಕಡೆಯವಳು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಅವಳಿಗೂ ಸಕ್ಕರೆ ಕಾಯಿಲೆ. ಒಂದು ಬೆಳಿಗ್ಗೆ ಕುಂಟುತ್ತಾ ಬಂದಳು.

"ಜಾಲಿ ಮುಳ್ಳು ಚುಚ್ಚಿತ್ತು ಕಣಮ್ಮ, ಹದಿನೈದು ದಿನಾತು, ಮಾಯ್ತಾನೇ ಇಲ್ಲ. ಮೇಷ್ಟ್ರು ಕೊಟ್ಟಿದ್ ಪುಡಿ ಮುಗುದೈತೆ, ಇನ್ನೊಂದೀಟು ಕೊಡ್ರಿ."

"ಗುಳಿಗೆ ತಗಳ್ತಿದೀಯಾ?"

"ಮೇಷ್ಟ್ರೇ ಬಿಟ್ಟವ್ರೆ, ನಾನ್ಯಾಕೆ ತಗಳ್ಲಿ?"

ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ ತೋರಿಸಿದಳು. ಕಾಲಿನ ಹೆಬ್ಬೆರಳು ಊದಿ ಕಪ್ಪಿಟ್ಟಿತ್ತು. ಅಲ್ಲೇ ಪೇಪರ್ ಓದುತ್ತಿದ್ದ ಇವರ ಮುಂದೆಯೇ ಹೇಳಿದೆ: "ಅಕ್ಕ, ಇವ್ರು ಗುಳಿಗೆ ಬಿಟ್ಟಿಲ್ಲ. ದಿನಾ ಮಜ್ಜಿಗೆಯೊಳಗೆ ಅರೆದು ನಾನೇ ಕುಡಿಸ್ತಾ ಇದೀನಿ."

ಪೇಪರ್ ಕೆಳಗಿಳಿಯಿತು. "ನಂಗೇ ಮೋಸ ಮಾಡಿದೇನೇ?"

"ಮಾಡ್ದೆ. ಆಮೇಲೆ ಕೂಗಾಡ್ರಿ. ಮೊದ್ಲು ಆ ಬೆರಳು ನೋಡ್ರಿ, ಆಟೋ ಕರೀರಿ."

ನೋಡಿದರು. ಚಪ್ಪಲಿ ಮೆಟ್ಟಿಕೊಂಡು ಆಟೋ ಕರೆಯಲು ಹೋದರು.

"ಗುಳಿಗೆ ಬಿಡು ಅಂದೋರು ಯಾರು?" ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಗದರಿದರು.

"ಯಾರೂ ಇಲ್ಲ ಸಾಮಿ, ನಾನೇ ಮರ್ತೆ" ಎಂದಳು ಅಕ್ಕ.

ಮೇಷ್ಟ್ರ ಮರ್ಯಾದೆ ಕಾಯಲು ಬೆರಳು ಊದಿಸಿಕೊಂಡವಳೇ ಸುಳ್ಳು ಹೇಳಬೇಕಾಯಿತು. ಮೇಷ್ಟ್ರು ಗೋಡೆಯ ಮೇಲಿದ್ದ ಕೈ ತೊಳೆಯುವ ಚಿತ್ರವನ್ನು ನಾಳೆ ಪರೀಕ್ಷೆ ಇರುವವರ ಹಾಗೆ ಓದುತ್ತಿದ್ದರು. ಕಾದೆ. ಅವರೇ ಹೇಳಲಿ ಎಂದು ಇನ್ನೂ ಸ್ವಲ್ಪ ಕಾದೆ. ಕೊನೆಗೆ, "ಪುಡಿ ಕೊಟ್ಟೋರು ಇವರು ಡಾಕ್ಟ್ರೆ, ಗೊತ್ತಿದ್ದೂ ಸುಮ್ಮನಿದ್ದೋಳು ನಾನು" ಎಂದೆ.

ಬೆರಳು ಉಳಿಯುತ್ತದೋ ಇಲ್ಲವೋ ವಾರ ಬಿಟ್ಟು ಹೇಳುತ್ತೇನೆ ಎಂದರು ಡಾಕ್ಟರು. ಆ ವಾರ ನಮ್ಮ ಮನೆಯಲ್ಲಿ ಯಾರೂ ಆಂಥೋಸಯನಿನ್ ಎನ್ನಲಿಲ್ಲ. ದಿನ ಬಿಟ್ಟು ದಿನ ಇವರೇ ಸ್ಕೂಟರಿನಲ್ಲಿ ಅಕ್ಕನನ್ನು ಡ್ರೆಸ್ಸಿಂಗಿಗೆ ಕರೆದೊಯ್ದರು. ಗುಳಿಗೆಯನ್ನು ನನ್ನೆದುರೇ ನುಂಗತೊಡಗಿದರು. ಮಜ್ಜಿಗೆ ಮಾತ್ರ ಅಂದಿನಿಂದ ತಾವೇ ಬೆರೆಸಿಕೊಳ್ಳುತ್ತಾರೆ.

ಬೆರಳು ಉಳಿಯಿತು ಎಂದು ಡಾಕ್ಟರು ಹೇಳಿದ ದಿನ, ನಮ್ಮ ಬಾಗಿಲಲ್ಲಿ ಸ್ಕೂಟರಿನಿಂದ ಇಳಿಯುತ್ತಾ ಅಕ್ಕ ಕೇಳಿದಳು: "ಮೇಷ್ಟ್ರೇ, ನೇರಳೆ ಹಣ್ಣಾದ್ರೂ ತಿನ್ಬೌದಾ?"

"ನನ್ನೇನ್ ಕೇಳ್ತೀಯಮ್ಮ, ಡಾಕ್ಟ್ರನ್ನ ಕೇಳು."

"ಕೇಳೀನಿ ಬಿಡ್ರಿ. ಊಟ ಆದ್ಮೇಲೆ ಒಂದು ಹಿಡಿ ತಿನ್ನು, ಒಳ್ಳೇದು, ಗುಳಿಗೆ ಮಾತ್ರ ಬಿಡಬ್ಯಾಡ ಅಂದವ್ರೆ. ನಿಮಗೀಗಾದ್ರೂ ಗೊತ್ತಾಗೈತೋ ಇಲ್ವೋ ಅಂತ ಕೇಳ್ದೆ."